ಗೋವಾ ರೆಸಾರ್ಟ್‌ಗೆ ಹೊರಟಿದ್ದೀರಾ? ದಾಬೋಲಿಂನಲ್ಲಿ ಇಳಿಯಬೇಕೋ, ಮೋಪಾದಲ್ಲೋ

ಗೋವಾಗೆ ವಿಮಾನದ ಟಿಕೆಟ್ ಹುಡುಕಿದರೆ ಈಗ ಎರಡು ನಿಲ್ದಾಣ ಕಾಣುತ್ತವೆ. ಒಂದು ವಾಸ್ಕೋ ಪಕ್ಕದ ದಾಬೋಲಿಂ. ಇನ್ನೊಂದು ಮಹಾರಾಷ್ಟ್ರದ ಗಡಿ ಹತ್ತಿರ, ಪೆರ್ನೆಂ ತಾಲ್ಲೂಕಿನ ಮೋಪಾ. ಇವೆರಡರ ನಡುವೆ ರಸ್ತೆಯಲ್ಲಿ 60 ಕಿಲೋಮೀಟರ್‌ಗೂ ಜಾಸ್ತಿ ಇದೆ. ಆದರೂ ತುಂಬಾ ಜನ "ಗೋವಾ ಚಿಕ್ಕ ರಾಜ್ಯ, ಎಲ್ಲಿ ಇಳಿದರೂ ಒಂದೇ ಅಲ್ವಾ" ಅಂದುಕೊಂಡು ದರ ಕಡಿಮೆ ಇರುವ ಟಿಕೆಟ್ ತೆಗೆದುಬಿಡುತ್ತಾರೆ. ಒಂದೇ ಅಲ್ಲ. ಬೆಂಗಳೂರಿನಿಂದ ಗೋವಾಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ ಸಾಕು. ತಪ್ಪು ಕಡೆ ಇಳಿದರೆ ಅದರ ಎರಡು ಪಟ್ಟು ಹೊತ್ತು ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ರಜೆಯ ಮೊದಲ ದಿನ ಅಲ್ಲಿಗೇ ಮುಗಿದ ಹಾಗೆ.

ಹಾಗಾಗಿ ಆರಿಸುವ ಕ್ರಮ ಹೀಗಿರಲಿ: ಮೊದಲು ರೆಸಾರ್ಟ್ ಯಾವ ಊರಲ್ಲಿ ಅಂತ ನೋಡಿ, ಆಮೇಲೆ ವಿಮಾನ ನಿಲ್ದಾಣ, ಕೊನೆಗೆ ಟಿಕೆಟ್ ದರ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಊರಿನ ಹೆಸರು ಗೊತ್ತಾದ ಮೇಲೆ ನಿರ್ಧಾರ ಸುಲಭ. ಗೋವಾವನ್ನು ಪೂರ್ವದಿಂದ ಪಶ್ಚಿಮಕ್ಕೆ ಎರಡು ದೊಡ್ಡ ನದಿಗಳು ಸೀಳಿಕೊಂಡು ಹೋಗುತ್ತವೆ. ಮೇಲಿನದು ಮಾಂಡೋವಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅಲ್ಲಿ ಮಾಂಡೋವಿ ಆಗುತ್ತದೆ. ಕೆಳಗಿನದು ಝುವಾರಿ. ರೆಸಾರ್ಟ್ ಮಾಂಡೋವಿಯ ಉತ್ತರಕ್ಕಿದ್ದರೆ ಮೋಪಾ ಕಡೆ ನೋಡಿ. ಝುವಾರಿಯ ದಕ್ಷಿಣಕ್ಕಿದ್ದರೆ ದಾಬೋಲಿಂ. ಎರಡು ನದಿಗಳ ನಡುವೆ, ಅಂದರೆ ಪಣಜಿ, ಹಳೆ ಗೋವಾ, ದೋನಾ ಪಾವ್ಲಾ ಭಾಗದಲ್ಲಿದ್ದರೆ ದಾಬೋಲಿಂ ಸ್ವಲ್ಪ ಹತ್ತಿರ. ಆದರೆ ಅಲ್ಲಿಗೆ ಎರಡೂ ಆಗಬಹುದು. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಮುಗಿಯಿತು. ಉಳಿದರ್ಧ ನಿಮ್ಮ ಪ್ರಯಾಣದ ರೀತಿಯ ಮೇಲೆ ನಿಂತಿದೆ.

ಎರಡೂ ಒಂದೇ ಥರದ ನಿಲ್ದಾಣಗಳಲ್ಲ

ದಾಬೋಲಿಂ ಹಳೆಯದು. ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ್ದು. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಇದು ನೌಕಾಪಡೆಯ ಕೈಗೆ ಬಂತು. ಇವತ್ತಿಗೂ ಅದು ಐಎನ್‌ಎಸ್ ಹನ್ಸಾ ಅನ್ನುವ ನೌಕಾ ವಾಯುನೆಲೆ. ರನ್‌ವೇ ನೌಕಾಪಡೆಯದು. ನಾವು ಓಡಾಡುವ ಟರ್ಮಿನಲ್ ಮಾತ್ರ ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ನೋಡಿಕೊಳ್ಳುವ ಭಾಗ. ಈಗಿನ ಟರ್ಮಿನಲ್ 2013ರ ಕೊನೆಯಲ್ಲಿ ಶುರುವಾಯಿತು.

ಈ ವ್ಯವಸ್ಥೆ ಪ್ರಯಾಣಿಕರಿಗೂ ತಟ್ಟುತ್ತದೆ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿ ಹಾರಾಟ ಇರುತ್ತದೆ. ಆ ಗಂಟೆಗಳಲ್ಲಿ ಪ್ರಯಾಣಿಕ ವಿಮಾನಗಳಿಗೆ ಜಾಗ ಸಿಗುವುದು ಕಷ್ಟ. ಆದ್ದರಿಂದ ಹೆಚ್ಚಿನ ವಿಮಾನಗಳು ಮಧ್ಯಾಹ್ನದ ನಂತರ ಒತ್ತೊತ್ತಾಗಿ ಬರುತ್ತವೆ. ಚೆಕ್-ಇನ್, ಭದ್ರತಾ ತಪಾಸಣೆ, ಲಗೇಜ್ ಬೆಲ್ಟ್, ಎಲ್ಲ ಕಡೆ ಆ ಹೊತ್ತಿಗೆ ಜನ ಜಾಸ್ತಿ. ಇನ್ನೊಂದು ಮಾತು: ರಕ್ಷಣಾ ನೆಲೆ ಆದ್ದರಿಂದ ವಿಮಾನದ ಕಿಟಕಿಯಿಂದ ರನ್‌ವೇ ಕಡೆಗೆ ಫೋಟೋ, ವಿಡಿಯೋ ತೆಗೆಯುವಂತಿಲ್ಲ. ಸಿಬ್ಬಂದಿ ಹೇಳಿದಾಗ ಕೇಳಿ. ಕಣ್ಣಿಂದ ನೋಡುವುದಕ್ಕೆ ಅಡ್ಡಿ ಇಲ್ಲ, ನೋಡುವಂಥದ್ದೂ ಇದೆ. ವಿಮಾನವಾಹಕ ಹಡಗಿನ ಮೇಲಿಂದ ಯುದ್ಧವಿಮಾನ ಹಾರಿಸುವುದನ್ನು ನೆಲದ ಮೇಲೆ ಅಭ್ಯಾಸ ಮಾಡಲು ಕಟ್ಟಿದ ಏರುಜಾರು ರನ್‌ವೇ ಇರುವುದು ಇಲ್ಲಿಯೇ. ತೇಜಸ್‌ನ ನೌಕಾಪಡೆ ಮಾದರಿ 2019ರಲ್ಲಿ ಹಗ್ಗಕ್ಕೆ ಕೊಕ್ಕೆ ಹಾಕಿ ಇಳಿಯುವ ಪರೀಕ್ಷೆ ಗೆದ್ದದ್ದೂ ಇಲ್ಲಿಯೇ. ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಅದು, ಹಾಗಾಗಿ ನನಗೆ ಆ ಜಾಗದ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

ಮೋಪಾ ಹೊಸದು. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರ್ರಿಕರ್ ಅವರ ಹೆಸರನ್ನು ಇಟ್ಟಿದ್ದಾರೆ, ಆದ್ದರಿಂದ ಟಿಕೆಟ್‌ನಲ್ಲಿ ಮನೋಹರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅಂತ ಇರುತ್ತದೆ. 2022ರ ಡಿಸೆಂಬರ್ 11ರಂದು ಉದ್ಘಾಟನೆ ಆಯಿತು. 2023ರ ಜನವರಿ 5ರಿಂದ ವಿಮಾನ ಓಡಾಟ ಶುರು. ನಡೆಸುವುದು ಜಿಎಂಆರ್ ಕಂಪನಿ. ಇಲ್ಲಿ ನೌಕಾಪಡೆಯ ವೇಳಾಪಟ್ಟಿಯ ಹಂಗಿಲ್ಲ. ದಿನದ ಯಾವ ಹೊತ್ತಿಗೂ ವಿಮಾನ ಇಳಿಯಬಹುದು, ರಾತ್ರಿ ನಿಲ್ಲಿಸುವುದಕ್ಕೂ ಜಾಗ ಇದೆ. ಬೆಳಗಿನ ವಿಮಾನ ಬೇಕು ಅನ್ನುವವರಿಗೆ ಮೋಪಾದಲ್ಲಿ ಆಯ್ಕೆ ಸಿಗುವುದು ಇದರಿಂದಲೇ. ಟರ್ಮಿನಲ್ ಒಳಗೆ ಗೋವಾದ ಹಳೆ ಮನೆಗಳಲ್ಲಿ ಕಾಣುವ ನೀಲಿ ಬಿಳಿ ಅಜುಲೆಜೋ ಹಂಚುಗಳನ್ನು ಅಲ್ಲಲ್ಲಿ ಬಳಸಿದ್ದಾರೆ. ನೋಡಲು ಚೆನ್ನಾಗಿದೆ.

ಈ ನಿಲ್ದಾಣ ಸುಲಭವಾಗಿ ಬಂದದ್ದಲ್ಲ. ಪ್ರಸ್ಥಭೂಮಿಯ ಮೇಲೆ 2,000 ಎಕರೆಗೂ ಜಾಸ್ತಿ ಭೂಮಿ ಹೋಯಿತು. ಪರಿಸರ ಅನುಮತಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಡೆಹಿಡಿದಿತ್ತು. 2020ರ ಜನವರಿಯಲ್ಲಿ ಷರತ್ತುಗಳೊಂದಿಗೆ ತಡೆ ತೆರವಾಯಿತು. ರಜೆಗೆ ಹೋಗುವವರಿಗೆ ಇದೆಲ್ಲ ಯಾಕೆ ಅನ್ನಬಹುದು. ಆ ಊರುಗಳ ಜನ ತಮ್ಮ ಗುಡ್ಡವನ್ನು ಬಿಟ್ಟುಕೊಟ್ಟಿದ್ದಾರೆ ಅನ್ನುವುದು ಅಲ್ಲಿ ಇಳಿಯುವವರಿಗೆ ಗೊತ್ತಿರಲಿ ಅಂತ ಬರೆದೆ.

ನಿಮ್ಮ ಬೀಚ್ ಎಲ್ಲಿದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಆಧಾರ. ಕೊಟ್ಟಿರುವ ದೂರಗಳೆಲ್ಲ ಸುಮಾರು. ರೆಸಾರ್ಟ್ ಗೇಟು ಯಾವ ಕಡೆಗಿದೆ ಅನ್ನುವುದರ ಮೇಲೆ ನಾಲ್ಕೈದು ಕಿಲೋಮೀಟರ್ ಆಚೀಚೆ ಆಗುತ್ತದೆ.

ಉತ್ತರದ ತುದಿಯ ಅರಂಬೋಲ್, ಮಾಂದ್ರೆಂ, ಆಶ್ವೆಂ, ಮೋರ್ಜಿಂ ಬೀಚ್‌ಗಳಿಗೆ ಮೋಪಾ ಬಿಟ್ಟು ಬೇರೆ ಯೋಚನೆಯೇ ಬೇಡ. ಇವೆಲ್ಲ ಪೆರ್ನೆಂ ತಾಲ್ಲೂಕಿನವು, ಮೋಪಾ ಕೂಡ ಅದೇ ತಾಲ್ಲೂಕು. ಮಧ್ಯೆ ದೊಡ್ಡ ನದಿ ದಾಟುವ ಕೆಲಸ ಇಲ್ಲ. 20ರಿಂದ 25 ಕಿಲೋಮೀಟರ್, ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ದಾಬೋಲಿಂನಿಂದ ಬಂದರೆ ಝುವಾರಿ, ಮಾಂಡೋವಿ, ಶಾಪೋರಾ ಹೀಗೆ ಮೂರು ನದಿ ದಾಟಬೇಕು. ದೂರ 55ರಿಂದ 60 ಕಿಲೋಮೀಟರ್. ಎರಡು ಗಂಟೆ ಇಟ್ಟುಕೊಳ್ಳಿ.

ದಕ್ಷಿಣದ ತುದಿಯ ಅಗೋಂದಾ, ಪಾಲೋಲೆಂ, ಪಟ್ನೆಂಗೆ ಇದರ ತದ್ವಿರುದ್ಧ. ದಾಬೋಲಿಂನಿಂದ ಪಾಲೋಲೆಂಗೆ 60 ಕಿಲೋಮೀಟರ್ ಮೇಲೆ. ಮೋಪಾದಿಂದ 100 ದಾಟುತ್ತದೆ. ಮೋಪಾದಲ್ಲಿ ಇಳಿದರೆ ಇಡೀ ಗೋವಾವನ್ನು ಉದ್ದಕ್ಕೆ ದಾಟಿದ ಹಾಗೆ. ಯಾವ ಕಡೆಯಿಂದ ಬಂದರೂ ಮಡಗಾಂವ್ ದಾಟಿದ ಮೇಲೆ ಕರ್ಮಲ್ ಘಾಟ್ ಸಿಗುತ್ತದೆ. ತಿರುವು ಜಾಸ್ತಿ. ಕಾರಿನಲ್ಲಿ ವಾಂತಿ ಬರುವ ಮಕ್ಕಳಿದ್ದರೆ ಮಡಗಾಂವ್‌ನಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಿ ಹೋಗಿ.

ಮಜೋರ್ಡಾ, ಕೋಲ್ವಾ, ಬೆನಾಲಿಂ, ವಾರ್ಕಾ, ಕ್ಯಾವೆಲೋಸಿಂ, ಮೋಬೋರ್ ಸಾಲಿನಲ್ಲಿ ಗೋವಾದ ದೊಡ್ಡ ದೊಡ್ಡ ರೆಸಾರ್ಟ್‌ಗಳಿವೆ. ವಿಶಾಲವಾದ ಅಂಗಳ, ಸ್ವಂತ ಈಜುಕೊಳ, ಗೇಟು ದಾಟಿದರೆ ಮರಳು ಅನ್ನುವಂಥವು. ಮದುವೆ, ಕಂಪನಿ ಸಮ್ಮೇಳನ ನಡೆಯುವುದೂ ಇಲ್ಲೇ ಹೆಚ್ಚು. ಈ ಸಾಲಿಗೆ ದಾಬೋಲಿಂ ಹತ್ತಿರ. ಕೋಲ್ವಾಗೆ 25 ಕಿಲೋಮೀಟರ್ ಒಳಗೆ, ಕ್ಯಾವೆಲೋಸಿಂಗೆ 40ರ ಆಸುಪಾಸು. ಮೋಪಾದಿಂದ ಕ್ಯಾವೆಲೋಸಿಂಗೆ 80 ದಾಟುತ್ತದೆ. ಮೋಪಾ ವಿಮಾನ ಅಗ್ಗ ಅಂತ ಬಂದು ಈ ಸಾಲಿನ ರೆಸಾರ್ಟ್‌ಗೆ ಹೋಗುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ರೆಸಾರ್ಟ್‌ಗೆ ಅಷ್ಟು ದುಡ್ಡು ಕೊಟ್ಟು, ಅಲ್ಲಿರುವ ಹೊತ್ತನ್ನೇ ಕಡಿಮೆ ಮಾಡಿಕೊಂಡ ಹಾಗಾಗುತ್ತದೆ.

ಈಗ ನಿಜವಾಗಿ ತಲೆಕೆಡಿಸುವ ಜಾಗ: ಬಾಗಾ, ಕಲಂಗೂಟ್, ಕ್ಯಾಂಡೋಲಿಂ. ಕರ್ನಾಟಕದಿಂದ ಹೋಗುವ ಹೆಚ್ಚು ಜನ ಉಳಿಯುವುದು ಇಲ್ಲಿಯೇ. ನದಿಯ ಲೆಕ್ಕದಲ್ಲಿ ಇದು ಮಾಂಡೋವಿಯ ಉತ್ತರ, ಅಂದರೆ ಮೋಪಾ. ಆದರೆ ದೂರದ ವ್ಯತ್ಯಾಸ ಅಷ್ಟೇನಿಲ್ಲ. ಮೋಪಾದಿಂದ ಕಲಂಗೂಟ್‌ಗೆ ಸುಮಾರು 35 ಕಿಲೋಮೀಟರ್, ದಾಬೋಲಿಂನಿಂದ ಸುಮಾರು 40. ಕ್ಯಾಂಡೋಲಿಂಗಂತೂ ಎರಡೂ ಹೆಚ್ಚು ಕಡಿಮೆ ಸಮ. ಹಾಗಾದರೆ ಯಾವುದು?

ಇಲ್ಲಿ ರಸ್ತೆಯನ್ನು ನೋಡಿ. ದಾಬೋಲಿಂನಿಂದ ಹೊರಟರೆ ಮೊದಲು ಝುವಾರಿ ಸೇತುವೆ. ಹಳೆ ಸೇತುವೆಯ ಕಾಲದಲ್ಲಿ ಇಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಹೊಸ ಎಂಟು ಪಥದ ಕೇಬಲ್ ಸೇತುವೆ 2022ರ ಕೊನೆಯಲ್ಲಿ ಒಂದು ಭಾಗ, ಮುಂದಿನ ವರ್ಷ ಇನ್ನೊಂದು ಭಾಗ ತೆರೆದ ಮೇಲೆ ಆ ಕಾಟ ತಪ್ಪಿತು. ಆಮೇಲೆ ಪಣಜಿ. ಅಲ್ಲಿ 2019ರಲ್ಲಿ ತೆರೆದ ಅಟಲ್ ಸೇತು ಮೇಲಿಂದ ಊರೊಳಗೆ ಹೋಗದೆ ಮಾಂಡೋವಿ ದಾಟಬಹುದು. ದಾಟಿದ ತಕ್ಷಣ ಪರ್ವರಿ. ಅಲ್ಲಿ ಹೆದ್ದಾರಿ ಮೇಲ್ಸೇತುವೆ ಕಾಮಗಾರಿಯಿಂದ ಸಂಜೆ ಹೊತ್ತು ವಾಹನ ತೆವಳುವುದು ಮಾಮೂಲಾಗಿತ್ತು. ಹೊರಡುವ ದಿನ ಮ್ಯಾಪ್‌ನಲ್ಲಿ ಪರ್ವರಿಯ ಬಣ್ಣ ಒಮ್ಮೆ ನೋಡಿಕೊಳ್ಳಿ. ಮೋಪಾದಿಂದ ಬಂದರೆ ಈ ಪಣಜಿ, ಪರ್ವರಿಯ ಗೊಡವೆ ಇಲ್ಲ. ನಿಲ್ದಾಣದಿಂದ ಧಾರ್ಗಳದ ಹತ್ತಿರ ಹೆದ್ದಾರಿ 66ಕ್ಕೆ ಸೇರುವ ಅಗಲವಾದ ಪ್ರತ್ಯೇಕ ರಸ್ತೆ ಇದೆ. ಅಲ್ಲಿಂದ ಮಾಪ್ಸಾ, ಮಾಪ್ಸಾದಿಂದ ಬೀಚ್. ಮಾಪ್ಸಾ ದಾಟಿದ ಮೇಲಿನ ಇಕ್ಕಟ್ಟು ರಸ್ತೆಯಲ್ಲಿ ಮಾತ್ರ ನಿಧಾನ.

ಆದ್ದರಿಂದ ಅಂಜುನಾ, ವಾಗಾತೋರ್, ಅಸಗಾಂವ್, ಬಾಗಾಗೆ ನಾನು ಮೋಪಾ ಅನ್ನುತ್ತೇನೆ. ಕಲಂಗೂಟ್, ಕ್ಯಾಂಡೋಲಿಂಗೆ ವಿಮಾನ ಇಳಿಯುವ ಹೊತ್ತು ಯಾವುದು ಅನುಕೂಲವೋ ಅದು. ಮಧ್ಯಾಹ್ನ ಒಂದು ಗಂಟೆಗೆ ದಾಬೋಲಿಂನಲ್ಲಿ ಇಳಿಯುವುದು, ರಾತ್ರಿ ಹನ್ನೊಂದಕ್ಕೆ ಮೋಪಾದಲ್ಲಿ ಇಳಿಯುವುದು, ಇವೆರಡರಲ್ಲಿ ಆರಿಸಬೇಕಾದರೆ ಐದು ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ.

ಬೋಗ್ಮಾಲೋ, ವೆಲ್ಸಾಂವ್, ಅರೋಸಿಂ ಬೀಚ್‌ಗಳು ದಾಬೋಲಿಂನ ಮಗ್ಗುಲಲ್ಲೇ ಇವೆ. ಬೋಗ್ಮಾಲೋ ನಾಲ್ಕೈದು ಕಿಲೋಮೀಟರ್ ಅಷ್ಟೇ. ಎರಡೇ ದಿನದ ರಜೆ, ಓಡಾಟ ಬೇಡ, ಸಮುದ್ರ ನೋಡಿಕೊಂಡು ಸುಮ್ನೆ ಕೂರಬೇಕು ಅನ್ನುವವರು ಈ ಕಡೆ ಯೋಚಿಸಿ. ಕಲಂಗೂಟ್ ಗಲಾಟೆಯನ್ನೇ ಗೋವಾ ಅಂದುಕೊಂಡವರಿಗೆ ಇದು ಬೇರೆಯೇ ಗೋವಾ.

ಅಗ್ಗದ ಟಿಕೆಟ್ ನಿಜಕ್ಕೂ ಅಗ್ಗವೇ?

ಒಂದು ಲೆಕ್ಕ ಹಾಕೋಣ. ರೆಸಾರ್ಟ್ ಪಾಲೋಲೆಂ ಅಥವಾ ಬೆನಾಲಿಂನಲ್ಲಿದೆ. ಮೋಪಾ ಟಿಕೆಟ್ ದಾಬೋಲಿಂಗಿಂತ ತಲೆಗೆ 500 ರೂಪಾಯಿ ಕಡಿಮೆ ಇದೆ ಅಂತ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೇ ಆದರೆ ಹೋಗಿ ಬರಲು ಉಳಿಯುವುದು 2,000. ಮೋಪಾದಿಂದ ರಸ್ತೆ 40, 45 ಕಿಲೋಮೀಟರ್ ಜಾಸ್ತಿ. ಕಿಲೋಮೀಟರ್‌ಗೆ 25 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೂ ಹೋಗಲು ಬರಲು 2,000ಕ್ಕೂ ಮೇಲೆ. ಉಳಿತಾಯ ಅಲ್ಲಿಗೆ ಸೊನ್ನೆ. ರಾತ್ರಿ ದರ ಸೇರಿದರೆ ಕೈಯಿಂದಲೇ ಹೋಗುತ್ತದೆ.

ನಾಲ್ಕು ಜನ ಒಂದೇ ಕಾರಿನಲ್ಲಿ ಹೋದರೆ ಲೆಕ್ಕ ಬದಲಾಗುತ್ತದೆ. ಟಿಕೆಟ್‌ನಲ್ಲಿ 4,000 ಉಳಿದು, ಟ್ಯಾಕ್ಸಿಗೆ ಅಷ್ಟೇ 2,000 ಚಿಲ್ಲರೆ. ದುಡ್ಡು ಉಳಿಯಿತು ನಿಜ. ಆದರೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಎಲ್ಲರದ್ದೂ ಹೋಯಿತು. ಕಾಲೇಜು ಹುಡುಗರ ಗುಂಪಿಗೆ ಅದು ದೊಡ್ಡ ವಿಷಯ ಅಲ್ಲ. ಮಂಡಿ ನೋವಿರುವ ಅಜ್ಜಿಗೆ ದೊಡ್ಡ ವಿಷಯ. ವ್ಯತ್ಯಾಸ ತಲೆಗೆ ಸಾವಿರ ದಾಟಿದರೆ ಮಾತ್ರ ದೂರದ ನಿಲ್ದಾಣದ ಬಗ್ಗೆ ಯೋಚಿಸಿ ಅಂತ ನನ್ನ ಸಲಹೆ. ಒಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಹೋಗುವವರಾದರೆ ಈ ಲೆಕ್ಕ ನಿಮಗಲ್ಲ, ಅಗ್ಗದ್ದನ್ನೇ ತಗೊಳ್ಳಿ.

ದರ ಹೋಲಿಸುವಾಗ ಮೊದಲ ಪುಟದ ಅಂಕಿ ನೋಡಬೇಡಿ. ಎರಡು ನಿಲ್ದಾಣಗಳ ಪ್ರಯಾಣಿಕ ಶುಲ್ಕ ಒಂದೇ ಇರುವುದಿಲ್ಲ. ಎಲ್ಲ ಸೇರಿದ ಕೊನೆಯ ಮೊತ್ತ ಬಂದ ಮೇಲೆ ಹೋಲಿಸಿ. ಚೆಕ್-ಇನ್ ಲಗೇಜ್ ಸೇರಿದೆಯೋ ಇಲ್ಲವೋ ಅದನ್ನೂ ನೋಡಿ.

ಇಳಿದ ಮೇಲೆ ಏನು?

ಗೋವಾದಲ್ಲಿ ಓಲಾ, ಊಬರ್ ನೆಚ್ಚಿಕೊಂಡು ಹೋಗಬೇಡಿ. ಬೆಂಗಳೂರಿನ ಅಭ್ಯಾಸದಲ್ಲಿ ಇಳಿದ ತಕ್ಷಣ ಆ್ಯಪ್ ತೆರೆದು ನಿಂತವರು ತಬ್ಬಿಬ್ಬಾಗುತ್ತಾರೆ. ಎರಡೂ ನಿಲ್ದಾಣಗಳಲ್ಲಿ ಪ್ರಿಪೇಯ್ಡ್ ಟ್ಯಾಕ್ಸಿ ಕೌಂಟರ್ ಇದೆ. ಗೋವಾದ್ದೇ ಆದ ಗೋವಾ ಮೈಲ್ಸ್ ಆ್ಯಪ್ ಇದೆ. ಎರಡರ ದರವನ್ನೂ ಕೇಳಿ ಆರಿಸಿ. ರೆಸಾರ್ಟ್‌ನವರೂ ಕಾರು ಕಳಿಸುತ್ತಾರೆ, ಸ್ವಲ್ಪ ಜಾಸ್ತಿ ಕೇಳಬಹುದು. ರಾತ್ರಿ ಹತ್ತರ ಮೇಲೆ ಮಕ್ಕಳ ಜೊತೆ ಇಳಿಯುವವರು ಆ ಜಾಸ್ತಿಯನ್ನು ಕೊಟ್ಟು ನೆಮ್ಮದಿಯಾಗಿ ಹೋಗುವುದು ಒಳ್ಳೆಯದು ಅನ್ನಿಸುತ್ತದೆ. ಹೆಸರು ಹಿಡಿದು ನಿಂತ ಡ್ರೈವರ್ ಎದುರಿಗೆ ಕಂಡರೆ ಅರ್ಧ ಆಯಾಸ ಇಳಿಯುತ್ತದೆ.

ಬಸ್ಸಿನ ವಿಷಯಕ್ಕೆ ಬಂದರೆ, ಗೋವಾ ಸರ್ಕಾರದ ಸಾರಿಗೆ ಸಂಸ್ಥೆಯ ಹೆಸರು ಕದಂಬ. ನಮ್ಮ ಬನವಾಸಿಯ ಕದಂಬರ ಒಂದು ಶಾಖೆ ಗೋವಾವನ್ನು ಆಳಿತ್ತು, ಆ ಹೆಸರು ಬಸ್ಸಿನ ಮೇಲೆ ಉಳಿದಿದೆ. ಕದಂಬ ಬಸ್ಸುಗಳು ವಿಮಾನ ನಿಲ್ದಾಣದಿಂದ ಪಣಜಿ, ಮಡಗಾಂವ್, ಕಲಂಗೂಟ್ ಥರದ ಮುಖ್ಯ ಜಾಗಗಳಿಗೆ ಹೋಗುತ್ತವೆ. ದರ ಟ್ಯಾಕ್ಸಿಯ ಒಂದು ಸಣ್ಣ ಪಾಲು. ತೊಂದರೆ ಏನಂದರೆ ಗಂಟೆ ಗಂಟೆಗೂ ಇರುವುದಿಲ್ಲ, ರಾತ್ರಿ ಹೊತ್ತು ನಂಬುವಂತಿಲ್ಲ. ಹಗಲು ಇಳಿದು, ಪಣಜಿಯಲ್ಲಿ ಉಳಿಯುವವರಿಗೆ ಬಸ್ಸು ಸರಿಯಾದ ಆಯ್ಕೆ. ಬೀಚ್ ಒಳಗಿನ ರೆಸಾರ್ಟ್‌ಗೆ ಹೋಗುವವರು ಬಸ್ ಇಳಿದ ಮೇಲೆ ಮತ್ತೆ ಗಾಡಿ ಹುಡುಕಬೇಕು.

ಬಾಡಿಗೆ ಕಾರು, ಸ್ಕೂಟರ್ ತಗೊಳ್ಳುವವರು ನಂಬರ್ ಪ್ಲೇಟ್ ನೋಡಿ. ಕಪ್ಪು ಹಲಗೆ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಹಲಗೆಯ ಖಾಸಗಿ ಗಾಡಿಯನ್ನು ಕಡಿಮೆ ಬಾಡಿಗೆಗೆ ಕೊಡುತ್ತೇವೆ ಅಂತ ಬರುತ್ತಾರೆ. ತಗೊಳ್ಳಬೇಡಿ. ಪೊಲೀಸರು ಹಿಡಿದರೆ ದಂಡ, ಅಪಘಾತವಾದರೆ ವಿಮೆ ತಕರಾರು. ದಕ್ಷಿಣದ ಬೀಚ್‌ಗಳು ಒಂದಕ್ಕೊಂದು ದೂರ ದೂರ, ಅಲ್ಲಿ ಕಾರು ಉಪಯೋಗಕ್ಕೆ ಬರುತ್ತದೆ. ಬಾಗಾ, ಕಲಂಗೂಟ್‌ನಲ್ಲಿ ಪಾರ್ಕಿಂಗ್ ಹುಡುಕುವುದೇ ಒಂದು ಕೆಲಸ, ಸ್ಕೂಟರ್ ಸಾಕು.

ರೈಲು ಹಿಡಿಯುವವರಿಗೆ ದಾಬೋಲಿಂ ಮೇಲು. ವಾಸ್ಕೋ ನಿಲ್ದಾಣ ಹತ್ತಿರದಲ್ಲೇ ಇದೆ, ಮಡಗಾಂವ್ ಜಂಕ್ಷನ್ 25 ಕಿಲೋಮೀಟರ್ ಆಸುಪಾಸು. ಮೋಪಾಗೆ ಹತ್ತಿರದ್ದು ಪೆರ್ನೆಂ. ಆದರೆ ಅಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ. ಹೆಚ್ಚು ರೈಲು ಬೇಕಾದರೆ ಥಿವಿಂಗೆ ಹೋಗಬೇಕು.

ಕೊನೆಯ ದಿನವನ್ನೂ ಲೆಕ್ಕಕ್ಕೆ ತಗೊಳ್ಳಿ

ಬರುವಾಗಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಹೋಗುವ ದಿನ ಮರೆತುಹೋಗುತ್ತದೆ. ರೆಸಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಹತ್ತು, ಹನ್ನೊಂದಕ್ಕೆ ರೂಮು ಬಿಡಬೇಕು. ವಿಮಾನ ರಾತ್ರಿ ಎಂಟಕ್ಕೆ ಇದ್ದರೆ ನಡುವಿನ ಹೊತ್ತು ಏನು ಮಾಡುತ್ತೀರಿ? ಇಲ್ಲಿ ದಾಬೋಲಿಂ ಗೆಲ್ಲುತ್ತದೆ. ಪಕ್ಕದಲ್ಲೇ ಬೋಗ್ಮಾಲೋ ಬೀಚ್ ಇದೆ, ಆ ದಾರಿಯಲ್ಲೇ ನೌಕಾ ವಿಮಾನಗಳ ವಸ್ತುಸಂಗ್ರಹಾಲಯ ಇದೆ. ಹಳೆಯ ವಿಮಾನಗಳನ್ನು ಬಯಲಲ್ಲಿ ನಿಲ್ಲಿಸಿದ್ದಾರೆ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಹೋಗುವ ಮೊದಲು ಅದಕ್ಕೆ ಯಾವ ದಿನ ರಜೆ ಅಂತ ಕೇಳಿಕೊಳ್ಳಿ. ಮೋಪಾ ಸುತ್ತ ಹಾಗೆ ಹೊತ್ತು ಕಳೆಯುವ ಜಾಗ ಕಡಿಮೆ. ಅಲ್ಲಿಗೆ ಹೋಗುವವರು ದಾರಿಯ ಮಾಪ್ಸಾದಲ್ಲಿ ನಿಲ್ಲಬಹುದು. ಶುಕ್ರವಾರ ಆದರೆ ಮಾಪ್ಸಾ ಸಂತೆ ಜೋರಾಗಿರುತ್ತದೆ. ಗೋವಾದ ಕೆಂಪು ಮೆಣಸು, ಚೋರಿಸ್ ಅನ್ನುವ ಹಂದಿಮಾಂಸದ ಸಾಸೇಜ್, ಗೇರುಬೀಜ, ಮಣ್ಣಿನ ಮಡಿಕೆ, ಎಲ್ಲ ಊರಿನ ಜನ ಕೊಳ್ಳುವ ಜಾಗದಲ್ಲೇ ಸಿಗುತ್ತವೆ.

ಡಿಸೆಂಬರ್ ಕೊನೆಯ ವಾರ ಹೋಗುವವರು ಮ್ಯಾಪ್ ತೋರಿಸುವ ಸಮಯಕ್ಕೆ ಒಂದು ಗಂಟೆ ಸೇರಿಸಿ. ಡಿಸೆಂಬರ್ 3 ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬ, ಆ ದಿನ ಆ ಕಡೆಯ ರಸ್ತೆಗಳಲ್ಲಿ ಜನಸಾಗರ. ಕಾರ್ನಿವಲ್ ಮೆರವಣಿಗೆಯ ದಿನಗಳಲ್ಲಿ ಪಣಜಿ ದಾಟುವುದು ಕಷ್ಟ. ಮೂರು ಸಂದರ್ಭದಲ್ಲೂ ನದಿ ದಾಟಬೇಕಾಗದ ನಿಲ್ದಾಣವೇ ಸುರಕ್ಷಿತ. ಮಳೆಗಾಲದಲ್ಲಿ ಎರಡೂ ಕಡೆ ವಿಮಾನ ತಡವಾಗುತ್ತವೆ, ಇದರಲ್ಲಿ ಆರಿಸುವಂಥದ್ದು ಏನಿಲ್ಲ.

ವಿದೇಶದಿಂದ ಬರುವವರಿಗೆ

1980ರ ದಶಕದಿಂದ ಯುರೋಪಿನ ಚಾರ್ಟರ್ ವಿಮಾನಗಳು ದಾಬೋಲಿಂಗೆ ಬರುತ್ತಿದ್ದವು. ಚಳಿಗಾಲದ ಆರು ತಿಂಗಳು ದಕ್ಷಿಣ ಗೋವಾದ ರೆಸಾರ್ಟ್‌ಗಳು ಅವನ್ನೇ ನಂಬಿಕೊಂಡಿದ್ದವು. ಮೋಪಾ ಬಂದ ಮೇಲೆ ಅಂತರರಾಷ್ಟ್ರೀಯ ವಿಮಾನಗಳು ಒಂದೊಂದಾಗಿ ಅತ್ತ ಸರಿದಿವೆ. ಓಮಾನ್ ಏರ್ ಮೋಪಾಗೆ ಹೋಯಿತು, 2024ರಲ್ಲಿ ಕತಾರ್ ಏರ್‌ವೇಸ್ ಕೂಡ ಹೋಯಿತು. ದಾಬೋಲಿಂ ಮುಚ್ಚುವುದಿಲ್ಲ ಅಂತ ಸರ್ಕಾರ ಹೇಳುತ್ತಲೇ ಇದೆ. ಆದರೂ ವಾಸ್ಕೋ, ಮಡಗಾಂವ್ ಕಡೆಯ ಟ್ಯಾಕ್ಸಿಯವರಿಗೆ, ಹೋಟೆಲ್‌ನವರಿಗೆ ಆತಂಕ ಇದೆ. ಅದು ಸಹಜ.

ಗಲ್ಫ್‌ನಿಂದ ಮನೆಯವರು ಬಂದು ಗೋವಾದಲ್ಲೇ ನಿಮ್ಮನ್ನು ಸೇರಿಕೊಳ್ಳುವ ಯೋಜನೆ ಇದ್ದರೆ, ಅವರ ವಿಮಾನ ಎಲ್ಲಿ ಇಳಿಯುತ್ತದೆ ಅಂತ ಮೊದಲು ಕೇಳಿ. ನೀವು ದಾಬೋಲಿಂನಲ್ಲಿ, ಅವರು ಮೋಪಾದಲ್ಲಿ ಆದರೆ ಒಬ್ಬರನ್ನೊಬ್ಬರು ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ವಿದೇಶದಿಂದ ಒಂದು ನಿಲ್ದಾಣಕ್ಕೆ ಬಂದು ಇನ್ನೊಂದರಿಂದ ಬೆಂಗಳೂರಿಗೆ ಹೋಗುವ ಟಿಕೆಟ್ ಯಾವ ಕಾರಣಕ್ಕೂ ಬೇಡ. ಎರಡೂ ಬೇರೆ ಬೇರೆ ಟಿಕೆಟ್ ಆದರೆ, ದಾರಿಯಲ್ಲಿ ತಡವಾಗಿ ವಿಮಾನ ತಪ್ಪಿದರೂ ಯಾರೂ ಹೊಣೆ ಹೊರುವುದಿಲ್ಲ.

ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವುದು

ನನಗೆ ಅತಿ ಇಷ್ಟವಾದ ಆಯ್ಕೆ ಇದು, ಕೆಲವೇ ಜನ ಮಾಡುತ್ತಾರೆ. ಐದಾರು ದಿನ ರಜೆ ಇದ್ದರೆ ಮೋಪಾದಲ್ಲಿ ಇಳಿಯಿರಿ. ಮೊದಲ ಎರಡು ಮೂರು ದಿನ ಮೋರ್ಜಿಂ ಅಥವಾ ಅಂಜುನಾ. ನಡುವೆ ಒಂದು ದಿನ ಪಣಜಿಯ ಫೋಂಟೈನ್ಯಾಸ್ ಬೀದಿಗಳು, ಹಳೆ ಗೋವಾದ ಚರ್ಚುಗಳು. ಆಮೇಲೆ ದಕ್ಷಿಣಕ್ಕೆ, ಬೆನಾಲಿಂ ಅಥವಾ ಅಗೋಂದಾ. ಮರಳುವುದು ದಾಬೋಲಿಂನಿಂದ. ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಓಡುವ ಕೆಲಸ ಇಲ್ಲ. ದೇಶದೊಳಗಿನ ವಿಮಾನಗಳಲ್ಲಿ ಹೋಗುವ ಟಿಕೆಟ್, ಬರುವ ಟಿಕೆಟ್ ಬೇರೆ ಬೇರೆಯಾಗಿ ತೆಗೆದರೂ ಹೆಚ್ಚಿನ ಸಲ ದರ ಏರುವುದಿಲ್ಲ. ಗದ್ದಲ ಮೊದಲು, ಶಾಂತಿ ಆಮೇಲೆ ಇರಲಿ. ಉಲ್ಟಾ ಮಾಡಿದರೆ ಪಾಲೋಲೆಂನಿಂದ ಬಾಗಾಗೆ ಬಂದವರಿಗೆ ತಲೆನೋವು ಬರುತ್ತದೆ. ಬಾಡಿಗೆ ಕಾರನ್ನು ಒಂದು ಕಡೆ ತಗೊಂಡು ಇನ್ನೊಂದು ಕಡೆ ಬಿಡಲು ಹೆಚ್ಚುವರಿ ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಗಡಿ ಊರುಗಳವರಿಗೆ ಇನ್ನೊಂದು ಮಾತು

ಕಾರವಾರ, ಅಂಕೋಲಾ, ಗೋಕರ್ಣ ಕಡೆಯ ರೆಸಾರ್ಟ್‌ಗಳಿಗೆ ಮುಂಬೈ, ದೆಹಲಿಯಿಂದ ಬರುವವರೂ ಗೋವಾದಲ್ಲೇ ಇಳಿಯುತ್ತಾರೆ. ಅವರಿಗೆ ದಾಬೋಲಿಂ ಒಂದೇ ಉತ್ತರ. ಕಾರವಾರ ಅಲ್ಲಿಂದ ಸುಮಾರು 90 ಕಿಲೋಮೀಟರ್, ಮೋಪಾದಿಂದ 130ರ ಮೇಲೆ. ಗೋಕರ್ಣಕ್ಕೆ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನೂ ಹೋಲಿಸಿ ನೋಡಿ. ದೂರ ದಾಬೋಲಿಂನಷ್ಟೇ, ದಾರಿಯಲ್ಲಿ ಘಾಟ್ ಇಳಿಯಬೇಕು. ಹೀಗೆ ವಿಮಾನದಲ್ಲಿ ಸಂಬಂಧಿಕರು ಬರುವಾಗ ದಾಬೋಲಿಂನಿಂದ ಮಡಗಾಂವ್‌ಗೆ ಟ್ಯಾಕ್ಸಿ, ಅಲ್ಲಿಂದ ಕಾರವಾರ, ಕುಮಟಾಕ್ಕೆ ಕೊಂಕಣ ರೈಲು ಮಾಡಿದರೆ ಖರ್ಚು ಬಹಳ ಕಡಿಮೆ.

ಬೆಳಗಾವಿಯಿಂದ ಗೋವಾ ವಿಮಾನ ಹಿಡಿಯಲು ಹೋಗುವವರಿಗೆ ಮೋಪಾ ಅನುಕೂಲ. ಚೋರ್ಲಾ ಘಾಟ್ ಅಥವಾ ಅಂಬೋಲಿ ಘಾಟ್, ಯಾವುದರಿಂದಲೂ ಇಳಿಯಬಹುದು. ಮಳೆಗಾಲದಲ್ಲಿ ಹೊರಡುವ ಮುಂಚೆ ಘಾಟ್ ರಸ್ತೆಯ ಸ್ಥಿತಿ ಕೇಳಿಕೊಳ್ಳಿ. ಹುಬ್ಬಳ್ಳಿ, ಧಾರವಾಡದವರು ರೈಲಿನಲ್ಲಿ ಬರುವುದಾದರೆ ದಾಬೋಲಿಂ. ಲೋಂಡಾ ಮೇಲಿನ ರೈಲು ದೂಧಸಾಗರ ದಾಟಿ ವಾಸ್ಕೋದವರೆಗೂ ಹೋಗುತ್ತದೆ.

ಮಹಾರಾಷ್ಟ್ರದ ಮಾಲ್ವಣ, ವೆಂಗುರ್ಲಾ ಕಡೆಯ ರೆಸಾರ್ಟ್‌ಗಳಿಗೂ ಮೋಪಾ ಹತ್ತಿರ. ಅಲ್ಲೇ 2021ರಲ್ಲಿ ಶುರುವಾದ ಸಿಂಧುದುರ್ಗ ವಿಮಾನ ನಿಲ್ದಾಣ ಇದೆ. ವಿಮಾನಗಳು ಕಡಿಮೆ, ಸಿಕ್ಕರೆ ತಗೊಳ್ಳಿ. ಲಕ್ಷದ್ವೀಪಕ್ಕೆ ಹೋಗುವವರು ಮೋಪಾವನ್ನು ಗಮನಿಸಿ. 2024ರ ಮಾರ್ಚ್‌ನಲ್ಲಿ ಶುರುವಾದ ಫ್ಲೈ91 ಅನ್ನುವ ಗೋವಾದ ಕಂಪನಿ ಅಲ್ಲಿಂದ ಸಣ್ಣ ವಿಮಾನಗಳನ್ನು ಹಾರಿಸುತ್ತದೆ, ಅಗತ್ತಿ ಅದರ ಊರುಗಳಲ್ಲಿ ಒಂದು.

ಟಿಕೆಟ್ ಕೈಗೆ ಬಂದ ಮೇಲೆ ಮೂರು ಅಕ್ಷರದ ಕೋಡ್ ನೋಡಿ. ದಾಬೋಲಿಂದು ಜಿ ಒ ಐ, ಮೋಪಾದು ಜಿ ಒ ಎಕ್ಸ್. ಹುಡುಕುವ ಪುಟದಲ್ಲಿ ಗೋವಾ ಅಂತ ಬರೆದರೆ ಎರಡೂ ಬೆರೆತು ಬರುತ್ತವೆ, ಆಗ ಕಣ್ತಪ್ಪುವುದು ಸುಲಭ. ಮರಳುವ ದಿನ ಟ್ಯಾಕ್ಸಿ ಹತ್ತಿ ಸುಮ್ನೆ ಏರ್‌ಪೋರ್ಟ್ ಅನ್ನಬೇಡಿ, ನಿಲ್ದಾಣದ ಹೆಸರು ಹೇಳಿ. ರೆಸಾರ್ಟ್‌ಗೆ ಫೋನ್ ಮಾಡಿ ಕಾರು ಕೇಳುವಾಗಲೂ ವಿಮಾನದ ನಂಬರ್ ಜೊತೆ ಈ ಹೆಸರನ್ನು ಕೊಡಿ.